ದುಷ್ಟನನ್ನು ದುಷ್ಟನೆಂದು ತಿಳಿಯುವುದು ದೋಷವೇ?

॥ ಶ್ರೀಃ ॥

ಕಳೆದ ಕಾರ್ತಿಕಮಾಸದ ಒಂದು ಸಂಜೆ ದೀಪೋತ್ಸವ ಮುಗಿದು, ಭಕ್ತಜನರೆಲ್ಲ ಮಂಗಳಾರತಿ ತೆಗೆದುಕೊಂಡು ಹೊರಟ ಮೇಲೆ, ವೃದ್ಧ ಮಾತೆಯೊಬ್ಬರು ನಮ್ಮ ಬಳಿ ಬಂದು ಕುಳಿತರು. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದು ಇತವಾರಿಯಲ್ಲೇ ನಲವತ್ತು ವರ್ಷ ಸಂಸಾರ ಮಾಡಿದವರು. ಯಜಮಾನರು ಗತಿಸಿ ಮೂರು ವರ್ಷಗಳಾಗಿವೆ. ಬಹಳ ಹೊತ್ತು ಸುಮ್ಮನಿದ್ದು ಅನಂತರ ಅವರು ಕೇಳಿದ ಮಾತನ್ನು ಅವರದೇ ನುಡಿಯಲ್ಲಿ ಬರೆಯುತ್ತೇವೆ:

"ಆಚಾರ್ಯರ, ಅಂವಾ ಕೆಟ್ಟಂವ ಅಂತ ಈಗ ನನ್ನ ಮನಸ್ಸಿಗೆ ಖಾತ್ರಿ ಆಗೇದರಿ. ಹಂಗ ತಿಳಕೊಂಡ್ರ ನನಗ ಪಾಪ ಬರ್ತದೇನ್ರಿ? ಅಂವನ ಒಳಗೂ ಹರಿ ಇದ್ದಾನ ಅಲ್ಲೇನ್ರಿ?"

ಈ ಪ್ರಶ್ನೆಗೆ ಆ ಸಂಜೆ ನಾವು ಕೊಟ್ಟ ಉತ್ತರ ಸರಿಯಾದುದಾಗಿರಲಿಲ್ಲ. ಸರಿಯಾದ ಉತ್ತರವನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಅವರು ಹೇಳಿದ ಆ ಮನುಷ್ಯ ಯಾರೆಂಬುದು ನಮ್ಮ ಕೆಲವು ಕುಟುಂಬಗಳಿಗೆ ತಿಳಿದದ್ದೇ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದೂ ಪ್ರಯೋಜನವಿಲ್ಲ. ಎರಡು ವರ್ಷಗಳ ಹಿಂದೆ ಆಷಾಢದಲ್ಲಿ ಅವನು ಮಠಕ್ಕೆ ಬಂದನು. ದ್ವಾದಶನಾಮ, ಅಂಗಾರ, ಅಕ್ಷತೆ ಎಲ್ಲವೂ ಕ್ರಮವಾಗಿದ್ದವು. ನಮ್ಮವರೊಡನೆ ರಾಯಚೂರು ಸೀಮೆಯ ಅಚ್ಚ ಕನ್ನಡ, ಅಂಗಡಿಯವರೊಡನೆ ನಿರರ್ಗಳ ಮರಾಠಿ. ಪಂಕ್ತಿಯಲ್ಲಿ ಬಡಿಸಲು ಮುಂದೆ, ಎಲೆ ತೆಗೆಯಲೂ ಮುಂದೆ. ಯಾರ ಮನೆಯಲ್ಲಿ ಯಾರಿಗೆ ರಕ್ತದೊತ್ತಡ, ಯಾರ ಮಗ ವಿದೇಶದಲ್ಲಿ, ಯಾರ ಮಗಳ ಸಂಬಂಧ ಮುರಿಯಿತು ಎಂಬುದೆಲ್ಲ ಮೂರು ತಿಂಗಳಲ್ಲಿ ಅವನಿಗೆ ಕಂಠಪಾಠವಾಯಿತು. ಇವನಿಗೆ ಎಷ್ಟು ಕಾಳಜಿ ಎಂದು ನಾವೇ ಹೊಗಳಿದ್ದುಂಟು.

ಮೊದಲು ಮೂರು ಮನೆಗಳಿಂದ ಮಂತ್ರಾಲಯ ಯಾತ್ರೆಯ ಟಿಕೆಟ್ಟಿಗೆಂದು ಹಣ ಪಡೆದು ಅದನ್ನು ನುಂಗಿಹಾಕಿದನು. ಸಿಕ್ಕಿಬಿದ್ದಾಗ ರಾಯರ ಸನ್ನಿಧಿಯಲ್ಲಿ ದೀರ್ಘದಂಡ ಹಾಕಿ ಅತ್ತನು. ತಾಯಿಯ ಆಸ್ಪತ್ರೆಯ ಖರ್ಚಿನ ಕಥೆ ಹೇಳಿದನು. ಆಗ ಆ ಮೂವರು ಗೃಹಸ್ಥರನ್ನು ಕರೆದು, ಪಶ್ಚಾತ್ತಾಪಪಟ್ಟವನನ್ನು ಕ್ಷಮಿಸುವುದು ದೈವೀಸಂಪತ್ತು, ಮಾತು ಇಲ್ಲಿಗೆ ಮುಗಿಯಲಿ, ಹೊರಗೆ ಹೋಗಬಾರದು ಎಂದು ಹೇಳಿದವರು ನಾವೇ. ಮಾತು ಹೊರಗೆ ಹೋಗಲಿಲ್ಲ. ಹೋಗದ ಕಾರಣದಿಂದಲೇ ಮುಂದಿನ ಅನರ್ಥವಾಯಿತು. ಮೊಮ್ಮಗಳ ಮದುವೆಗೆಂದು ಆ ತಾಯಿ ಕಾಪಾಡಿಟ್ಟಿದ್ದ ನಾಲ್ಕು ಪಾಟಲಿಗಳನ್ನು ಸರಾಫಾದಲ್ಲಿ ತೂಕ ಹಾಕಿಸಿ ಮೆರುಗು ಕೊಡಿಸುತ್ತೇನೆಂದು ಅವನು ಒಯ್ದನು. ತಂದುಕೊಟ್ಟದ್ದು ನೀರು ಹಾಕಿದ ತಾಮ್ರ. ನಾಲ್ಕು ತಿಂಗಳ ಮೇಲೆ ಅಕ್ಕಸಾಲಿಗನು ಒರೆಗಲ್ಲಿಗೆ ತಿಕ್ಕಿದಾಗಲಷ್ಟೇ ಅದು ಗೊತ್ತಾಯಿತು. ಅಷ್ಟರಲ್ಲಿ ಅವನು ನಾಗಪುರ ಬಿಟ್ಟಿದ್ದನು.

ಅಡಿಗೆಮನೆಯ ಪರಿಚಾರಕರೊಬ್ಬರು ಮೊದಲ ಚಾತುರ್ಮಾಸ್ಯದಲ್ಲಿಯೇ ನಮಗೆ ಹೇಳಿದ್ದರು: "ಆಚಾರ್ಯರ, ನೀವು ಇದ್ದಾಗ ಅಂವಾ ಒಂದು ನಮೂನಿ, ನೀವು ಆ ಕಡೆ ಹೋದ್ರ ನಮ್ಮನ್ನ ಮನಷ್ಯಾರಂತ ನೋಡಂಗಿಲ್ಲ." ಸಹೋದ್ಯೋಗಿಗಳ ಅಸೂಯೆ ಎಂದು ನಾವು ಆ ಮಾತನ್ನು ತಳ್ಳಿಹಾಕಿದೆವು. ಸೊಪ್ಪು ಬಿಡಿಸುವ ಹುಡುಗನ ಮೊಬೈಲನ್ನು ಅವನೇ ತೆಗೆದುಕೊಂಡು, ಹುಡುಗನನ್ನೇ ಕಳ್ಳನೆಂದು ನಂಬಿಸಿದ್ದನೆಂಬುದೂ ಆಮೇಲೆ ತಿಳಿಯಿತು. ಆ ಹುಡುಗನು ಈಗ ನಮ್ಮ ಮಠಕ್ಕೆ ಬರುವುದಿಲ್ಲ.

ನಮ್ಮವರೇ ಆದ ತರುಣ ವೈದ್ಯರೊಬ್ಬರ ಮುಂದೆ ಈ ವೃತ್ತಾಂತವನ್ನು ಹೇಳಿದಾಗ ಅವರು ಸೈಕೋಪಥಿ ಎಂಬ ಶಬ್ದವನ್ನು ಎತ್ತಿದರು. ಒಡನೆಯೇ, ನೋಡದೆ ಪರೀಕ್ಷಿಸದೆ ಯಾರಿಗೂ ಆ ಹೆಸರನ್ನು ಅಂಟಿಸಬಾರದೆಂದೂ ಎಚ್ಚರಿಸಿದರು. ಪತ್ರಿಕೆಗಳಲ್ಲಿ ಇದನ್ನು ಮನೋವಿಕೃತಿ ಎನ್ನುವ ರೂಢಿ. ಆದರೆ ಆ ಪದದಿಂದ ಹುಚ್ಚು ಎಂಬ ಭಾವನೆ ಬರುತ್ತದೆ. ವಸ್ತುಸ್ಥಿತಿಯಲ್ಲಿ ಇದು ಹುಚ್ಚಲ್ಲ. ಹುಚ್ಚನಿಗೆ ಹಗ್ಗ ಹಾವಾಗಿ ಕಾಣುತ್ತದೆ. ಇವನಿಗಾದರೋ ಹಗ್ಗ ಹಗ್ಗವಾಗಿಯೇ, ಹಾವು ಹಾವಾಗಿಯೇ ಕಾಣುತ್ತದೆ. ಆ ಹಾವನ್ನು ಇನ್ನೊಬ್ಬರ ಹಾಸಿಗೆಯಲ್ಲಿ ಬಿಡುವಾಗ ಮನಸ್ಸು ಅಳುಕುವುದಿಲ್ಲ. ಬುದ್ಧಿಗೆ ಭ್ರಮೆ ಇಲ್ಲದೆಯೇ ನಡತೆ ಕೆಟ್ಟಿರುವ ಜನರನ್ನು 19ನೆಯ ಶತಮಾನದ ಆರಂಭದಲ್ಲಿಯೇ ಫ್ರಾನ್ಸಿನ ಪಿನೆಲ್ ಎಂಬ ವೈದ್ಯರು ಗಮನಿಸಿದ್ದರು. 1941ರಲ್ಲಿ ಅಮೆರಿಕದ ಹರ್ವಿ ಕ್ಲೆಕ್ಲಿ ಎಂಬ ಮನೋವೈದ್ಯರು ಇಂಥವರ ಕುರಿತು ಪ್ರಸಿದ್ಧ ಗ್ರಂಥವನ್ನೇ ಬರೆದು, ಸ್ವಸ್ಥಚಿತ್ತತೆಯೇ ಇವರ ಮುಖವಾಡ ಎಂಬರ್ಥದ ಹೆಸರನ್ನು ಅದಕ್ಕೆ ಇಟ್ಟರು. ಅವರು ಕಂಡವರಲ್ಲಿ ಬಹುಮಂದಿ ಕೊಲೆಗಡುಕರಲ್ಲ. ಮಾತಿನಲ್ಲಿ ಮೋಹಕರು, ಸುಳ್ಳಿನಲ್ಲಿ ಸಹಜರು, ಲಜ್ಜೆ ಪಶ್ಚಾತ್ತಾಪಗಳಿಲ್ಲದವರು, ಅನುಭವದಿಂದ ಏನನ್ನೂ ಕಲಿಯದವರು.

ಕೆನಡಾ ದೇಶದ ರಾಬರ್ಟ್ ಹೇರ್ ಎಂಬ ವಿದ್ವಾಂಸರು ಇದನ್ನು ಅಳೆಯಲು 20 ಲಕ್ಷಣಗಳ ಪಟ್ಟಿಯೊಂದನ್ನು ರೂಪಿಸಿದರು. ಒಂದೊಂದು ಲಕ್ಷಣಕ್ಕೆ 0, 1 ಅಥವಾ 2 ಅಂಕ; ಒಟ್ಟು 40. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ 30 ಅಥವಾ ಮೇಲ್ಪಟ್ಟ ಅಂಕ ಬಂದವರನ್ನು ಈ ವರ್ಗಕ್ಕೆ ಸೇರಿಸುತ್ತಾರೆ. ಶಿಕ್ಷಣ ಪಡೆದ ಪರೀಕ್ಷಕರು ವ್ಯಕ್ತಿಯೊಡನೆ ದೀರ್ಘವಾಗಿ ಮಾತಾಡಿ, ಅವನ ಪೂರ್ವವೃತ್ತಾಂತದ ದಾಖಲೆಗಳನ್ನೂ ನೋಡಿ ಅಂಕ ಹಾಕಬೇಕೇ ಹೊರತು ಮನೆಯಲ್ಲಿ ಕುಳಿತು ಹಾಕತಕ್ಕದ್ದಲ್ಲ. (ಇತ್ತೀಚೆಗೆ ಸೊಸೆ ಅತ್ತೆಯನ್ನೂ ಅತ್ತೆ ಸೊಸೆಯನ್ನೂ ಸೈಕೋ ಎನ್ನುವುದು ಕಿವಿಗೆ ಬೀಳುತ್ತದೆ. ಸಾರಿಗೆ ಉಪ್ಪು ಹೆಚ್ಚಾದುದು ಆ 20ರಲ್ಲಿ ಸೇರಿಲ್ಲ.) ಜನಸಾಮಾನ್ಯರಲ್ಲಿ ಇಂಥವರು ನೂರಕ್ಕೆ ಒಬ್ಬರಷ್ಟಿರಬಹುದೆಂಬುದು ವಾಡಿಕೆಯ ಅಂದಾಜು, ಸೆರೆಮನೆಗಳಲ್ಲಿ ಪ್ರಮಾಣ ಬಹಳ ಹೆಚ್ಚು.

ಹೇರ್ ಅವರ ಹಳೆಯ ಪ್ರಯೋಗವೊಂದನ್ನು ಕೇಳಿ ನಮಗೆ ಬಹಳ ಆಶ್ಚರ್ಯವಾಯಿತು. ಅಂಕಿಗಳನ್ನು ಒಂದೊಂದಾಗಿ ತೋರಿಸುತ್ತ, ಇಂಥ ಅಂಕಿ ಬಂದಾಗ ವಿದ್ಯುತ್ತಿನ ಸಣ್ಣ ಆಘಾತವಾಗುತ್ತದೆಂದು ಮೊದಲೇ ತಿಳಿಸಿರುತ್ತಾರೆ. ಸಾಮಾನ್ಯರಿಗೆ ಆ ಅಂಕಿ ಸಮೀಪಿಸುವ ಮೊದಲೇ ಅಂಗೈ ಬೆವರತೊಡಗುತ್ತದೆ. ಸೈಕೋಪಾತ್‌ಗಳಲ್ಲಿ ಈ ಮುಂಗಾಣುವ ಭಯ ಅತ್ಯಲ್ಪ. ತನಗೆ ಬರಲಿರುವ ನೋವಿಗೇ ಬೆವರದ ದೇಹವು ಪರರ ನೋವಿಗೆ ಹೇಗೆ ಬೆವರೀತು? ನಾವು ಚಿಕ್ಕಂದಿನಲ್ಲಿ ತಪ್ಪು ಮಾಡಿ ತಾಯಿಯ ಮುಖ ಬಾಡಿದುದನ್ನು ಕಂಡು ಅಳುಕುತ್ತೇವೆ. ಆ ಅಳುಕಿನಿಂದಲೇ ಧರ್ಮಬುದ್ಧಿಯ ಮೊದಲ ಪಾಠವಾಗುತ್ತದೆ. ಅಂಥ ಅಳುಕು ಹುಟ್ಟಿನಿಂದಲೇ ಮಂದವಾಗಿದ್ದರೆ ಪಾಠ ತಲೆಗೆ ಹತ್ತುವುದು ಕಷ್ಟ. ಇದರಲ್ಲಿ ವಂಶದ ಅಂಶವೂ ಇದೆ, ಬೆಳೆದ ಪರಿಸರದ ಅಂಶವೂ ಇದೆ ಎನ್ನುತ್ತಾರೆ.

ಇಷ್ಟು ಕೇಳಿದೊಡನೆ ನಮ್ಮಂಥ ಮಾಧ್ವರ ಮನಸ್ಸು ಎಲ್ಲಿಗೆ ಓಡುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಶ್ರೀಮದಾಚಾರ್ಯರು ಜೀವತ್ರೈವಿಧ್ಯವನ್ನು ಪ್ರತಿಪಾದಿಸಿದ್ದಾರೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಭೇದವು ಜೀವರ ಅನಾದಿಸ್ವರೂಪದಲ್ಲಿಯೇ ಇದೆ. ಎಲ್ಲರೂ ಮೂಲದಲ್ಲಿ ಒಳ್ಳೆಯವರೇ, ಪರಿಸ್ಥಿತಿ ಕೆಡಿಸಿತು ಎಂದು ಇತರರು ಹೇಳುವಂತೆ ನಾವು ಹೇಳುವುದಿಲ್ಲ. ಹಾಗಾದರೆ, ಪಾಶ್ಚಾತ್ಯರು ಯಂತ್ರದಲ್ಲಿ ಕಂಡದ್ದು ನಮ್ಮ ಆಚಾರ್ಯರು ಶಾಸ್ತ್ರದಲ್ಲಿ ಹೇಳಿದ್ದೇ, ಈ ಸೈಕೋಪಾತ್ ಎಂದರೆ ತಮೋಯೋಗ್ಯನೇ, ಎಂದು ನಿಶ್ಚಿಂತರಾಗಬಹುದಲ್ಲವೆ? ಪ್ರವಚನದ ನಂತರ ಉತ್ಸಾಹೀ ತರುಣರು ನಮಗೆ ಹೀಗೆ ಹೇಳಿದ್ದೂ ಉಂಟು. ಆದರೆ ಇದು ನಮ್ಮ ಸಿದ್ಧಾಂತವಲ್ಲ. ಯಂತ್ರಕ್ಕೆ ಕಾಣುವುದು ಮಿದುಳು. ಮಿದುಳು ಸ್ಥೂಲದೇಹದ ಭಾಗ. ಸ್ವರೂಪವಾದರೋ ಸ್ಥೂಲದೇಹದ ಒಳಗೆ, ಲಿಂಗದೇಹದ ಆವರಣಕ್ಕೂ ಒಳಗೆ ಇರುವಂಥದು. ಅದನ್ನು ಬಲ್ಲವನು ಶ್ರೀಹರಿ, ಮತ್ತು ಅವನ ಪ್ರಸಾದದಿಂದ ಬಲ್ಲ ಮಹಾನುಭಾವರು. ಅಂಗೈ ಬೆವರಿದೆಯೇ ಇಲ್ಲವೇ ಎಂದು ನೋಡಿ ಜೀವನ ಯೋಗ್ಯತೆಯನ್ನು ನಿರ್ಣಯಿಸುವುದು ಆಗದ ಮಾತು.

ಈ ವಿಷಯದಲ್ಲಿ ಶ್ರೀಮದಾಚಾರ್ಯರ ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಬರುವ ಪೂತನಿಯ ಪ್ರಸಂಗವನ್ನು ಅನೇಕ ಬಾರಿ ಕೇಳಿದ್ದರೂ ನಾವು ಈ ದೃಷ್ಟಿಯಿಂದ ನೋಡಿರಲಿಲ್ಲ. ಪೂತನಿಯು ಗೋಕುಲಕ್ಕೆ ಬಂದದ್ದು ಕೋರೆಹಲ್ಲು ತೋರಿಸುತ್ತ ಅಲ್ಲ. ಮುಡಿಗೆ ಮಲ್ಲಿಗೆ, ಮುಖದಲ್ಲಿ ನಗು, ಮಗುವಿನ ಮೇಲೆ ವಾತ್ಸಲ್ಯ. ಭಾಗವತದ ಪ್ರಕಾರ ಯಶೋದೆ ಮತ್ತು ರೋಹಿಣಿ ಇಬ್ಬರೂ ಅಲ್ಲಿಯೇ ಇದ್ದು, ಅವಳ ಪ್ರಭೆಗೆ ಬೆರಗಾಗಿ ತಡೆಯದೆ ನೋಡುತ್ತ ನಿಂತರು. ಹೆತ್ತ ತಾಯಿಗಿಂತ ಹೆಚ್ಚಾಗಿ ತಾಯ್ತನವನ್ನು ನಟಿಸಿದವಳನ್ನು ಯಾರು ತಡೆದಾರು? ವಿಷವನ್ನು ಇಟ್ಟದ್ದು ಎದೆಹಾಲಿನ ಸ್ಥಾನದಲ್ಲಿ. ಪರರ ಪ್ರಾಣವನ್ನು ಹೀರಲು ಬಂದವರು ಕೊಡುವವರ ವೇಷದಲ್ಲಿ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಆದರೆ ಆಚಾರ್ಯರು ಇಲ್ಲಿಗೆ ನಿಲ್ಲಿಸುವುದಿಲ್ಲ. ಪೂತನಿಯ ಆ ಒಂದು ದೇಹದಲ್ಲಿ ಇದ್ದ ಜೀವರು ಇಬ್ಬರು. ಒಬ್ಬಳು ರಾಮಾವತಾರದಲ್ಲಿ ಹತಳಾಗಿದ್ದ ತಾಟಕಿ. ಇನ್ನೊಬ್ಬಳು ಆ ದೇಹವನ್ನು ಪ್ರವೇಶಿಸಿದ್ದ ಅಪ್ಸರೆ ಊರ್ವಶಿ. ಕೃಷ್ಣನು ಸ್ತನಪಾನ ಮಾಡಿ ಪ್ರಾಣವನ್ನು ಹೀರಿದಾಗ ತಾಟಕಿ ನರಕಕ್ಕೆ ಹೋದಳು, ಊರ್ವಶಿ ಪವಿತ್ರಳಾಗಿ ಸ್ವರ್ಗಕ್ಕೆ ಹೋದಳು. ಅಂತೆಯೇ ಕರ್ಣನಲ್ಲಿ ಸೂರ್ಯನೂ ಇದ್ದಾನೆ, ಸಹಸ್ರವರ್ಮನೆಂಬ ಅಸುರನ ಆವೇಶವೂ ಇದೆ. ಒಂದೇ ಹೊಸ್ತಿಲನ್ನು ದಾಟಿ ಬಂದ ಒಂದೇ ಆಕೃತಿಯಲ್ಲಿ ಇಬ್ಬರು ಇರಬಹುದಾದರೆ, ಬಾಗಿಲಲ್ಲಿ ನಿಂತ ನಾವು ಜೀವದ ಬಗ್ಗೆ ತೀರ್ಪು ಕೊಡುವುದು ಯಾವ ಆಧಾರದಿಂದ? ಆದರೆ ಗಮನಿಸಬೇಕಾದ ಇನ್ನೊಂದು ಮಾತಿದೆ. ಒಳಗೆ ಊರ್ವಶಿ ಇದ್ದಳೆಂಬ ಕಾರಣಕ್ಕೆ ಹೊರಗಿನ ವಿಷವು ಹಾಲಾಗಲಿಲ್ಲ. ಗೋಕುಲದ ಬೇರೆ ಶಿಶುವೊಂದು ಅದನ್ನು ಕುಡಿದಿದ್ದರೆ ಸಾಯುತ್ತಿತ್ತು. ಕೃಷ್ಣನು ಕುಡಿದು ಅರಗಿಸಿಕೊಂಡನೆಂದು ನಮ್ಮ ಮಕ್ಕಳನ್ನು ಯಾರ ಮಡಿಲಿಗೂ ಹಾಕಲು ಬಾರದು.

ಆ ತಾಯಿಯ ಪ್ರಶ್ನೆಯಲ್ಲಿ ಹೀಗೆ ಎರಡು ಪ್ರಶ್ನೆಗಳು ಕೂಡಿಕೊಂಡಿವೆ. ಈ ಜೀವ ಯಾವ ಜಾತಿಯದು ಎಂಬುದೊಂದು. ಅದು ಹರಿಗೆ ಬಿಟ್ಟದ್ದು. ಈ ಕೈ ನನ್ನ ಮನೆಗೆ ಏನನ್ನು ತರುತ್ತಿದೆ ಎಂಬುದು ಇನ್ನೊಂದು; ಅದನ್ನು ಹರಿಗೆ ಬಿಟ್ಟು ಸುಮ್ಮನಿರುವುದು ಭಕ್ತಿಯಲ್ಲ, ಆಲಸ್ಯ. ಅವನ ಒಳಗೆ ಹರಿ ಇದ್ದಾನೆಂಬುದೇನೋ ಸತ್ಯ. ಹಾವಿನ ಒಳಗೂ ಇದ್ದಾನೆ. ಹಾವನ್ನು ಕಂಡರೆ ಕೈಮುಗಿದು ದೂರ ಸರಿಯುತ್ತೇವೆಯೇ ಹೊರತು ಮಡಿಲಲ್ಲಿ ಮಲಗಿಸಿಕೊಳ್ಳುವುದಿಲ್ಲ.

ಪೂತನಿಯ ಕಥೆ ದ್ವಾಪರಯುಗದ್ದೆಂದು ತಿಳಿಯುವವರು ನಮ್ಮ ಕರ್ನಾಟಕದಲ್ಲಿಯೇ ನಡೆದ ಸಂಗತಿಯನ್ನು ಕೇಳಬೇಕು. ಬೆಂಗಳೂರಿನ ಸಮೀಪದ ಕಗ್ಗಲೀಪುರದ ಕೆಂಪಮ್ಮ ಎಂಬ ಹೆಂಗಸನ್ನು 2007ರ ಡಿಸೆಂಬರ್ ಕೊನೆಯಲ್ಲಿ ಪೊಲೀಸರು ಹಿಡಿದರು. ಪತ್ರಿಕೆಗಳು ಅವಳಿಗೆ ಸಯನೈಡ್ ಮಲ್ಲಿಕಾ ಎಂದು ಹೆಸರಿಟ್ಟವು. ಮೊದಲ ಕೊಲೆ 1999ರಲ್ಲಿ, ಉಳಿದವು 2007ರಲ್ಲಿ ನಡೆದವು. ಅವಳು ಹೊಂಚುಹಾಕಿದ ಸ್ಥಳಗಳು ದೇವಸ್ಥಾನಗಳು. ಮಕ್ಕಳಿಲ್ಲವೆಂದೋ, ಮನೆಯಲ್ಲಿ ನೆಮ್ಮದಿ ಇಲ್ಲವೆಂದೋ ದೇವರ ಮುಂದೆ ಕಣ್ಣೀರಿಡುವ ಹೆಂಗಸರ ಪಕ್ಕದಲ್ಲಿ ಕುಳಿತು, ಅವರ ದುಃಖವನ್ನು ತಾಳ್ಮೆಯಿಂದ ಕೇಳಿ, ಇಂಥದೊಂದು ಪೂಜೆ ಮಾಡಿಸಿದರೆ ಸರಿಹೋಗುತ್ತದೆ ಎನ್ನುವಳು. ಒಳ್ಳೆಯ ಸೀರೆ ಉಟ್ಟು ಒಡವೆಗಳನ್ನೆಲ್ಲ ಹಾಕಿಕೊಂಡು ದೂರದ ಕ್ಷೇತ್ರಕ್ಕೆ ಒಬ್ಬರೇ ಬರಬೇಕು. ಅಲ್ಲಿ ಕೋಣೆ ಹಿಡಿದು, ಪೂಜೆಯ ನೆಪದಲ್ಲಿ ಕೊಟ್ಟ ತೀರ್ಥದಲ್ಲಿ ಸಯನೈಡ್. ನ್ಯಾಯಾಲಯವು ಮರಣದಂಡನೆ ವಿಧಿಸಿತು. ಮುಂದೆ ಅದು ಜೀವಾವಧಿ ಶಿಕ್ಷೆಯಾಯಿತು. ನ್ಯಾಯಾಲಯ ನಿರ್ಣಯಿಸಿದ್ದು ಅಪರಾಧವನ್ನೇ ಹೊರತು ಮನೋರೋಗವನ್ನಲ್ಲ. ಅವಳು ಸೈಕೋಪಾತ್ ಹೌದೋ ಅಲ್ಲವೋ ಎಂದು ನಾವೂ ಹೇಳತಕ್ಕವರಲ್ಲ. ಅವಳು ನಡೆದುಕೊಂಡ ರೀತಿ ಮಾತ್ರ ನಮ್ಮ ಸಭಾಂಗಣಕ್ಕೆ ನೇರವಾಗಿ ಸಂಬಂಧಿಸಿದ್ದು. ಭಕ್ತರು ಅಳುವ ಜಾಗವೇ ಅವಳ ಬೇಟೆಯ ಜಾಗವಾಗಿತ್ತು. ತೀರ್ಥಕ್ಕೆ ಕೈ ನೀಡುವಾಗ ನಾವು ಅನುಮಾನಿಸುವುದಿಲ್ಲ, ಅನುಮಾನಿಸಲೂಬಾರದು. ಆ ವಿಶ್ವಾಸವನ್ನೇ ಅವಳು ಉಪಯೋಗಿಸಿಕೊಂಡಳು.

ದಕ್ಷಿಣ ಕನ್ನಡದ ಮೋಹನ ಕುಮಾರನ ಪ್ರಕರಣ ಇನ್ನೂ ದಾರುಣ. ಅವನು ಶಾಲಾ ಶಿಕ್ಷಕನಾಗಿದ್ದವನು. 2003ರಿಂದ 2009ರವರೆಗೆ 20 ಮಂದಿ ಯುವತಿಯರನ್ನು ಕೊಂದ ಆರೋಪ. 2009ರ ಅಕ್ಟೋಬರಿನಲ್ಲಿ ಬಂಧನ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯದಿಂದ ಮರಣದಂಡನೆ. ಮೇಲಿನ ನ್ಯಾಯಾಲಯದಲ್ಲಿ ಆಮೇಲೆ ಮಾರ್ಪಾಟುಗಳಾದವು. ಬಡತನದಿಂದಲೋ ವರದಕ್ಷಿಣೆಯ ತೊಂದರೆಯಿಂದಲೋ ಮದುವೆಯಾಗದೆ ಉಳಿದ ಹೆಣ್ಣುಮಕ್ಕಳನ್ನು ಆರಿಸಿಕೊಂಡು, ಮದುವೆಯಾಗುತ್ತೇನೆಂದು ನಂಬಿಸಿ ಬೇರೆ ಊರಿಗೆ ಕರೆದೊಯ್ದು, ಒಡವೆಗಳನ್ನು ಕೋಣೆಯಲ್ಲಿಯೇ ಬಿಡಿಸಿ, ಬಸ್ ನಿಲ್ದಾಣದ ಶೌಚಾಲಯದಲ್ಲಿ ನುಂಗುವಂತೆ ಮಾತ್ರೆ ಕೊಡುತ್ತಿದ್ದನು. ಮಗಳು ಮನೆಬಿಟ್ಟು ಓಡಿಹೋದಳೆಂಬ ನಾಚಿಕೆಯಿಂದ ಬಾಯಿ ಬಿಡದ ಮನೆಗಳಿದ್ದವು. ಗುರುತು ಸಿಗದ ಶವಗಳು ಬೇರೆ ಬೇರೆ ಊರುಗಳ ಠಾಣೆಗಳಲ್ಲಿ ಬಿಡಿಬಿಡಿಯಾದ ಅಸಹಜ ಸಾವುಗಳಾಗಿ ಉಳಿದವು. ಕಾಣೆಯಾದ ಒಬ್ಬ ಹುಡುಗಿಗಾಗಿ ಪಟ್ಟುಹಿಡಿದು ಹುಡುಕಿದಾಗ ಉಳಿದವರ ಕಥೆಯೂ ಹೊರಬಂತು. ಮರ್ಯಾದೆ ಹೋಗುತ್ತದೆಂದು ಮುಚ್ಚಿಟ್ಟ ಮಾತು ಕೊಲೆಗಾರನಿಗೆ ಹೇಗೆ ಗುರಾಣಿಯಾಗುತ್ತದೆಂಬುದನ್ನು ಓದಿದಾಗ, "ಮಾತು ಹೊರಗೆ ಹೋಗಬಾರದು" ಎಂದು ನಾವು ಹೇಳಿದ್ದು ನೆನಪಾಗಿ ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ನಾಗಪುರದವರಾದ ನಮಗೆ ದುಷ್ಟತನವೆಂದರೆ ಕಸ್ತೂರಬಾ ನಗರದ ಅಕ್ಕು ಯಾದವನ ನೆನಪಾಗುತ್ತದೆ. ಅವನ ಹಾವಳಿಯನ್ನು ವರ್ಷಗಟ್ಟಲೆ ಸಹಿಸಿದ ಆ ಬಸ್ತಿಯ ಹೆಂಗಸರು 2004ರ ಆಗಸ್ಟ್ 13ರಂದು ಜಿಲ್ಲಾ ನ್ಯಾಯಾಲಯದಲ್ಲಿಯೇ ಅವನ ಮೇಲೆ ಬಿದ್ದರು, ಅವನು ಅಲ್ಲಿಯೇ ಸತ್ತನು. ಆರೋಪಿಗಳೆಲ್ಲ 2014ರಲ್ಲಿ ಬಿಡುಗಡೆಯಾದರು. ಆ ಘಟನೆಯನ್ನು ನಾವು ಕೊಂಡಾಡುವುದಿಲ್ಲ. ಅಲ್ಲಿ ಯಾರು ಎಂಥವನೆಂಬುದು ಬಸ್ತಿಗೆಲ್ಲ ಗೊತ್ತಿತ್ತು. ಕಾಲಕ್ಕೆ ಸರಿಯಾಗಿ ರಕ್ಷಣೆ ಸಿಗಲಿಲ್ಲ. ನಮ್ಮ ನಡುವೆ ಬಂದವನು ಬೇರೆ ಬಗೆಯವನು. ಗರ್ಜಿಸುವವನನ್ನು ಮಗುವೂ ಗುರುತಿಸುತ್ತದೆ. ಮಂದಸ್ವರದಲ್ಲಿ ಹರಿಸ್ಮರಣೆ ಮಾಡುತ್ತ ಬಂದವನನ್ನು ಗುರುತಿಸಲು ನಾವು ಕಲಿತಿಲ್ಲ.

ಕಲಿಯದಿರುವುದಕ್ಕೆ ಕಾರಣವೂ ಇದೆ. ಊರು ಬಿಟ್ಟು ಬಂದವರು ನಾವು. ಇತವಾರಿಯ ಇಕ್ಕಟ್ಟಾದ ಓಣಿಯಲ್ಲಿ, ಕೈಗಾಡಿ ಮೂಟೆಗಳ ನಡುವೆ, ಯಾರಾದರೂ "ಏನ್ರಿ, ಆರಾಮ?" ಎಂದರೆ ಸಾಕು, ನಮ್ಮ ಮನಸ್ಸು ಕೃಷ್ಣಾ ಭೀಮಾ ತೀರಕ್ಕೆ ಹೋಗಿಬಿಡುತ್ತದೆ. ಭಾಷೆ ನಮ್ಮದು, ನಾಮ ನಮ್ಮದು, ಇನ್ನೇನು ಕೇಳುವುದು! ಆದರೆ ನಮ್ಮ ಪಕ್ಕದ ಮನೆಯ ಸಗಟು ವ್ಯಾಪಾರಿಯನ್ನು ನೋಡಿ. ಹೊಸ ಗಿರಾಕಿಗೆ ಅವನು ಮೊದಲು ನಗದಿನಲ್ಲಿಯೇ ಮಾಲು ಕೊಡುತ್ತಾನೆ. ನಾಲ್ಕು ದೀಪಾವಳಿ ಕಳೆದ ಮೇಲೆ ಉದ್ರಿ. ಸರಾಫಾದ ಅಕ್ಕಸಾಲಿಗನು ಯಾರು ತಂದ ಬಂಗಾರವನ್ನಾದರೂ ಒರೆಗಲ್ಲಿಗೆ ತಿಕ್ಕುತ್ತಾನೆ. ಯಾರೂ ಅದನ್ನು ಅವಮಾನವೆಂದು ಎಣಿಸುವುದಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ವಿಚಾರಿಸುವುದೇ ಅಪರಾಧವೆಂದು ನಾವು ಭಾವಿಸಿಕೊಂಡಿದ್ದೇವೆ.

ಯಾವುದನ್ನು ನೋಡಬೇಕು? ಗೀತೆಯ 16ನೆಯ ಅಧ್ಯಾಯದಲ್ಲಿ ಆಸುರೀಸಂಪತ್ತನ್ನು ಹೇಳುವಾಗ ಭಗವಂತನು ಮೊದಲು ಎಣಿಸುವುದು ಕ್ರೋಧವನ್ನಲ್ಲ, ದಂಭವನ್ನು. ಇಲ್ಲದ ಧರ್ಮವನ್ನು ಇದೆಯೆಂದು ತೋರಿಸುವುದೇ ದಂಭ. ಹಾಗಾದುದರಿಂದ ನಾಮಮುದ್ರೆಗಳು, ಕಂಠಸ್ಥ ಸ್ತೋತ್ರಗಳು, ಪಂಕ್ತಿಯಲ್ಲಿನ ಓಡಾಟ ಇವುಗಳಿಂದ ಯಾವ ನಿರ್ಣಯವೂ ಆಗುವುದಿಲ್ಲ. ನಮ್ಮಲ್ಲಿಗೆ ಬಂದವನ ವಿಷಯದಲ್ಲಿ ಈಗ ಹಿಂದಿರುಗಿ ನೋಡಿದರೆ ಕಾಣುವುದು ಬೇರೆಯೇ. ಒಂದೇ ಸಂಗತಿಯನ್ನು ನಾಲ್ಕು ಮನೆಗಳಲ್ಲಿ ನಾಲ್ಕು ವಿಧವಾಗಿ ಹೇಳಿದ್ದನು; ಪ್ರತಿಯೊಂದು ಮನೆಗೂ "ಇದು ನಮ್ಮ ನಮ್ಮಲ್ಲಿರಲಿ" ಎಂದಿದ್ದನು. ನಾವು ಪರಸ್ಪರ ಕೇಳಿಕೊಂಡಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ಅಳುವುದರಲ್ಲಿ ಎಷ್ಟು ಉದಾರಿಯೋ ಹಿಂದಿರುಗಿಸುವುದರಲ್ಲಿ ಅಷ್ಟೇ ಕೃಪಣ. ಕಣ್ಣೀರಿನ ಹೊರತು ಒಂದು ರೂಪಾಯಿಯೂ ಮರಳಿ ಬರಲಿಲ್ಲ. ಮಾರ್ಥಾ ಸ್ಟೌಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಇಂಥವರನ್ನು ಕುರಿತು ಬರೆಯುತ್ತ, ಇವರನ್ನು ಗುರುತಿಸಲು ಸಹಾಯಕವಾದ ಲಕ್ಷಣ ಹೆದರಿಸುವುದಲ್ಲ, ಮೇಲಿಂದ ಮೇಲೆ ನಮ್ಮ ಕನಿಕರವನ್ನು ಬೇಡುವುದು ಎಂದಿದ್ದಾರೆ. ಕನಿಕರಪಟ್ಟ ಮನಸ್ಸು ಲೆಕ್ಕ ಕೇಳುವುದಿಲ್ಲ. ಮತ್ತು ಅಡಿಗೆಮನೆಯವರು ಹೇಳಿದ ಮಾತು! ಯಾರಿಂದ ತನಗೆ ಏನೂ ಆಗಬೇಕಾಗಿಲ್ಲವೋ ಅಂಥವರೊಡನೆ ಮನುಷ್ಯನು ಹೇಗಿರುತ್ತಾನೆಂಬುದು ಅವರಿಗೆ ಮೊದಲು ತಿಳಿಯುತ್ತದೆ, ನಮಗೆ ಕೊನೆಗೆ.

ಇಲ್ಲಿ ಹನುಮಂತದೇವರ ನಡೆ ನೆನಪಾಗುತ್ತದೆ. ವಿಭೀಷಣನು ಶರಣು ಬಂದಾಗ ಸುಗ್ರೀವನು ಸಂಶಯಪಟ್ಟನು. ಇತರ ವಾನರನಾಯಕರು ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಸ್ವೀಕರಿಸಬಹುದೆಂದು ಹೇಳಿದವನು ಹನುಮಂತ. ಮುಖ ಪ್ರಸನ್ನವಾಗಿದೆ, ಮಾತಿನಲ್ಲಿ ದೋಷವಿಲ್ಲ, ಬಂದ ಕಾಲವೂ ಕಾರಣವೂ ಒಂದಕ್ಕೊಂದು ಹೊಂದುತ್ತವೆ ಎಂಬುದು ಅವನ ವಾದ. ಪ್ರಸನ್ನಮುಖ ನಮ್ಮ ಪಾಟಲಿಕಳ್ಳನಿಗೂ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಹನುಮಂತನು ವಿಭೀಷಣನನ್ನು ಅಂದೇ ಮೊದಲು ಕಂಡವನಲ್ಲ. ಲಂಕೆಯಲ್ಲಿ ತಾನು ಕಟ್ಟಿಸಿಕೊಂಡು ನಿಂತಿದ್ದಾಗ, ದೂತನನ್ನು ಕೊಲ್ಲುವುದು ಅಧರ್ಮವೆಂದು ತುಂಬಿದ ಸಭೆಯಲ್ಲಿ ರಾವಣನಿಗೆ ಎದುರಾಡಿದವನು ಅದೇ ವಿಭೀಷಣ. ಅಂದು ಆ ಬಂಧಿತ ಕಪಿಯಿಂದ ಅವನಿಗೆ ಯಾವ ಲಾಭವೂ ಇರಲಿಲ್ಲ. ಅಣ್ಣನ ಕೋಪವೊಂದೇ ಖಂಡಿತವಾಗಿದ್ದದ್ದು. ಲಾಭವಿಲ್ಲದಾಗ ಮಾಡಿದ ಕೃತ್ಯಕ್ಕೆ ಇರುವ ಬೆಲೆ ಶರಣು ಬಂದಾಗಿನ ಮುಖಕ್ಕೆ ಇಲ್ಲ. ವಿಭೀಷಣನು ರಾವಣನ ತಮ್ಮನೆಂದು ಹನುಮಂತನು ತಿರಸ್ಕರಿಸಲೂ ಇಲ್ಲ ಎಂಬುದೂ ಅಷ್ಟೇ ಮುಖ್ಯ. ಹಿರಣ್ಯಕಶಿಪುವಿನ ಮನೆಯಲ್ಲಿ ಪ್ರಹ್ಲಾದರಾಜರು ಹುಟ್ಟಿದ್ದನ್ನು ಬಲ್ಲ ನಾವು ವಂಶವನ್ನು ನೋಡಿ ಯಾವ ಮಗುವನ್ನೂ ಕೈಬಿಡುವಂತಿಲ್ಲ.

ಕೈಬಿಡಬಾರದೆಂಬುದಕ್ಕೆ ಲೌಕಿಕ ಆಧಾರವೂ ಇದೆ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಮೆಂಡೋಟಾ ಎಂಬಲ್ಲಿ, ಯಾವ ಶಿಕ್ಷೆಗೂ ಬಗ್ಗದ ಕ್ರೂರ ಬಾಲಾಪರಾಧಿಗಳನ್ನು ಶಿಕ್ಷೆಗಿಂತ ಹೆಚ್ಚಾಗಿ ಒಳ್ಳೆಯ ನಡತೆಗೆ ದಿನದಿನವೂ ಪುರಸ್ಕಾರ ಕೊಡುವ ಕ್ರಮದಿಂದ ಸುಧಾರಿಸಲು ಪ್ರಯತ್ನಿಸಿದರು. ಹೊರಬಂದ ಮೇಲೆ ಅವರಲ್ಲಿ ಹಿಂಸಾಪರಾಧಗಳು ಇತರರಿಗಿಂತ ಕಡಿಮೆಯಾದವು. 2013ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ಸೈಕೋಪಾತ್ ಅಪರಾಧಿಗಳಿಗೆ ಪರರ ಕೈಗೆ ನೋವಾಗುವ ದೃಶ್ಯಗಳನ್ನು ತೋರಿಸಿದರು. ಸುಮ್ಮನೆ ತೋರಿಸಿದಾಗ ಅವರ ಮಿದುಳಿನಲ್ಲಿ ಅನುಕಂಪದ ಚಲನೆ ಕಡಿಮೆಯಾಗಿಯೇ ಕಂಡಿತು. ಆ ನೋವನ್ನು ಅನುಭವಿಸಲು ಪ್ರಯತ್ನಿಸಿರಿ ಎಂದು ಹೇಳಿದಾಗ ಹೆಚ್ಚಾಯಿತು. ಆದುದರಿಂದ ಮಕ್ಕಳು ಪ್ರಾಣಿಗಳನ್ನು ಹಿಂಸಿಸಿ ನಗುವುದು, ತಪ್ಪಿಗೆ ಅಳುಕದಿರುವುದು ಮೇಲಿಂದ ಮೇಲೆ ಕಂಡರೆ ಮುಚ್ಚಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಉಪನಯನವಾದರೆ ಸರಿಹೋದಾನು, ಮದುವೆಯಾದರೆ ಸರಿಹೋದಾನು ಎಂದು ಕಾಯುವುದರಿಂದ ಇನ್ನೊಬ್ಬರ ಮಗಳ ಬಾಳು ಹಾಳಾಗುತ್ತದೆ.

ಇನ್ನು ಕ್ಷಮೆಯ ಮಾತು. ಕ್ಷಮೆ ದೈವೀಸಂಪತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರ ಸೊತ್ತನ್ನು ಯಾರು ಕ್ಷಮಿಸುವುದು? ಆ ದಿನ ನಾವು ಕ್ಷಮಿಸಿದ್ದು ನಮ್ಮ ಹಣವನ್ನಲ್ಲ, ಮೂರು ಮನೆಯವರ ಹಣವನ್ನು. ಅದಕ್ಕೂ ಮಿಗಿಲಾಗಿ, ಮುಂದೆ ಹೋಗಲಿದ್ದ ನಾಲ್ಕು ಪಾಟಲಿಗಳನ್ನೂ, ಸೊಪ್ಪು ಬಿಡಿಸುವ ಹುಡುಗನ ಮಾನವನ್ನೂ ಅರಿಯದೆಯೇ ಕ್ಷಮೆಗೆ ಸೇರಿಸಿಬಿಟ್ಟೆವು. ನಮಗೆ ಖರ್ಚಿಲ್ಲದ ಔದಾರ್ಯವಾದುದರಿಂದ ಬಹಳ ಸುಲಭವಾಗಿತ್ತು. ಆ ತಾಯಿ ಪಾಟಲಿಗಳನ್ನು ಕೊಡುವ ಮುನ್ನ ಮಗನು ತಡೆದಿದ್ದನಂತೆ. "ಆಚಾರ್ಯರ ಅವನ್ನ ಒಪ್ಪಿಕೊಂಡಾರ, ನಾವ್ಯಾಕ ಸಂಶೆ ಪಡಬೇಕು" ಎಂದು ಅವರೇ ಮಗನನ್ನು ಗದರಿಸಿದ್ದರಂತೆ. ಇದನ್ನು ಅವರು ನಮಗೆ ಹೇಳಲಿಲ್ಲ, ಮಗನೇ ಹೇಳಿದನು.

ಆ ಸಂಜೆ ಅವರ ಪ್ರಶ್ನೆಗೆ ನಾವು "ಮರೆತುಬಿಡಿ ತಾಯಿ, ಹರಿ ನೋಡಿಕೊಳ್ಳುತ್ತಾನೆ" ಎಂದಿದ್ದೆವು. ಎಂಟು ದಿನಗಳ ನಂತರ ಅವರ ಮನೆಗೆ ನಾವೇ ಹೋಗಿ, ಆ ಮಾತು ತಪ್ಪಾಯಿತೆಂದೂ, ಕೆಟ್ಟ ಕೃತ್ಯವನ್ನು ಕೆಟ್ಟದ್ದೆಂದು ತಿಳಿಯುವುದು ಯಥಾರ್ಥಜ್ಞಾನವೇ ಆದುದರಿಂದ ಅದರಲ್ಲಿ ಪಾಪವಿಲ್ಲವೆಂದೂ, ಅವನ ಜೀವದ ಗತಿಯನ್ನು ಮಾತ್ರ ನಾವು ಯಾರೂ ನುಡಿಯಬಾರದೆಂದೂ ಹೇಳಿದೆವು. ಪೂತನಿಯ ದೇಹದಲ್ಲಿದ್ದ ಇಬ್ಬರ ವಿಚಾರವನ್ನ�ೂ ಹೇಳಿದೆವು. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಪೊಲೀಸ್ರಿಗೆ ಬರದು ಕೊಡೋಣರಿ. ಇನ್ನೊಂದು ಊರಾಗ ಇನ್ನೊಬ್ಬಾಕಿ ಪಾಟಲಿ ಉಳದಾವು. ನೀವೂ ಬರ್ರಿ" ಎಂದರು.

ಮಾರನೆಯ ದಿನ ಮೂರು ಮನೆಯ ಗೃಹಸ್ಥರು, ಆ ತಾಯಿ, ಅವರ ಮಗ, ನಾವು ಠಾಣೆಗೆ ಹೋದೆವು. ಅರ್ಜಿಯನ್ನು ಮರಾಠಿಯಲ್ಲಿ ಮಗನೇ ಬರೆದಿದ್ದನು. ಬರೆದುಕೊಳ್ಳುವವರು ಸಮಾಧಾನದಿಂದ ಎಲ್ಲವನ್ನೂ ಕೇಳಿ, ಆರೋಪಿಯ ಪೂರ್ಣ ಹೆಸರು, ತಂದೆಯ ಹೆಸರು, ಊರು ಹೇಳಿರಿ ಎಂದರು. ಮೊದಲ ಗೃಹಸ್ಥರು ಒಂದು ಹೆಸರು ಹೇಳಿದರು. ಎರಡನೆಯವರು ಅವರ ಮುಖ ನೋಡಿ, ನಮಗೆ ಬೇರೆ ಹೇಳಿದ್ದನಲ್ಲ ಎಂದರು. ಮಠದ ಪುಸ್ತಕದಲ್ಲಿ ಇದ್ದದ್ದು ಮೂರನೆಯದು; ಗೋತ್ರವೂ ಬೇರೆ.

॥ ಶ್ರೀಕೃಷ್ಣಾರ್ಪಣಮಸ್ತು ॥